ಇತರೆ ವೆಚ್ಚ

ಕಡತ ನನ್ನ ಮೇಜಿಗೆ ಬಂದದ್ದು ಮಾರ್ಚ್ ಕೊನೆಗೆ,
ಎಲ್ಲ ಕಡತಗಳೂ ಒಮ್ಮೆಲೇ ಎದ್ದು ಬರುವ ತಿಂಗಳು.
ಹೆಸರು ಉದ್ದ:
ಹೊಗೆಯೊಳಗಿನ ಇಂಗಾಲವನ್ನು ನೆಲದಡಿ ಇಡುವ ಬಗ್ಗೆ
ಸಂಶೋಧನೆ ಮತ್ತು ತರಬೇತಿ.
ಮೊತ್ತ ಎರಡು ಕೋಟಿ ಹದಿನಾಲ್ಕು ಲಕ್ಷ,
ಅವಧಿ ಮೂರು ವರ್ಷ.
ನಾನು ಹಣಕಾಸು ವಿಭಾಗದ ಗುಮಾಸ್ತ.
ನನಗೆ ಕಲ್ಲು ಗೊತ್ತಿಲ್ಲ, ಕಾಲಂ ಗೊತ್ತು.

ಹೊಗೆ ಗೊತ್ತು.
ದೇವಸೂಗೂರಿನ ನಮ್ಮ ಮಾಳಿಗೆಯ ಮೇಲೆ
ಹಪ್ಪಳ ಹಾಕುವ ಮೊದಲು ಅವ್ವ ಚಿಮಣಿ ನೋಡುತ್ತಾಳೆ.
ಹೊಗೆ ಕೃಷ್ಣೆಯ ಕಡೆ ವಾಲಿದರೆ ಸೀರೆ ಹಾಸುತ್ತಾಳೆ,
ಊರ ಕಡೆ ವಾಲಿದರೆ ಹಿಟ್ಟು ಮುಚ್ಚಿಡುತ್ತಾಳೆ.
ಅದನ್ನ ಹಿಡಿದು ನೆಲದಾಗ ಹೂಳ್ತಾರಂತ ಅಂದೆ.
“ಹೊಗಿ ಏನ್ ಹೆಣ ಏನೋ, ಹೂಳಾಕ?”
ಅಂದು ಹಿಟ್ಟು ನಾದಿದಳು.

ಸಂಶೋಧನೆಗೆ ಇಬ್ಬರು: ಹುಲಿಗೆಮ್ಮ, ಆಸ್ಮಾ.
ಅವರ ಶಿಷ್ಯವೇತನದ ಎರಡನೇ ಕಂತು
ದಿಲ್ಲಿ ಬಿಟ್ಟು, ನಡುವೆ ಯಾವುದೋ ಸ್ಟೇಷನ್ನಿನಲ್ಲಿ ಇಳಿದು
ಏಳು ತಿಂಗಳಿಂದ ಚಹಾ ಕುಡಿಯುತ್ತ ಕೂತಿದೆ.
ಹುಲಿಗೆಮ್ಮ ಬಂದು ಕೇಳುವುದಿಲ್ಲ.
ಬಾಗಿಲಲ್ಲಿ ನಿಲ್ಲುತ್ತಾಳೆ, ಅಷ್ಟೆ.
ಆಕೆಯ ಚಪ್ಪಲಿಯ ಬಾರಿಗೆ ತಾಮ್ರದ ತಂತಿ.

ಆ ನಡುವೆ ಒಂದು ಬಿಲ್ಲು:
ಹುಸೇನಪ್ಪ, ದಿನಕ್ಕೆ ಒಂಬೈನೂರು.
ವಿದ್ಯಾರ್ಹತೆ ಎಂಬಲ್ಲಿ ಒಂದು ಅಡ್ಡಗೆರೆ.
ಅನುಭವ: ಗಣಿಯಲ್ಲಿ ಕೊರೆತ, ಮೂವತ್ತೊಂದು ವರ್ಷ.
ಕೆಲಸ: ವಿದ್ಯಾರ್ಥಿನಿಯರಿಗೆ ಕೊರೆಯಂತ್ರದ ದನಿ ಕೇಳಲು ಕಲಿಸುವುದು.
ಇದಕ್ಕೆ ಕಾಲಂ ಎಲ್ಲಿ?
ಎರಡು ಸಲ ವಾಪಸು ಕಳಿಸಿದೆ, ಕೆಂಪು ಶಾಯಿಯಲ್ಲಿ.

ಮೂರನೇ ಸಲ ದಾಸ್ತಾನು ತಪಾಸಣೆಗೆಂದು
ನಾನೇ ಹೋಗಬೇಕಾಯಿತು.
ಹಟ್ಟಿಯಾಚೆ ಕರಿಬಂಡೆಯ ದಿಬ್ಬ, ಬಳ್ಳಾರಿ ಜಾಲಿ,
ನೆರಳೆಂದರೆ ಜೀಪಿನದು ಮಾತ್ರ.
ಹುಸೇನಪ್ಪ ಕೊಳವೆಗೆ ಅಂಗೈ ಆನಿಸಿ
ಕಣ್ಣು ಮುಚ್ಚಿ ನಿಂತಿದ್ದ, ನಾಡಿ ಹಿಡಿದವನಂತೆ.
“ತಡೀರವ್ವ, ಬಿರುಕು ಬಂತು.”
ಮೇಲೆ ಬರುತ್ತಿದ್ದ ನೀರು ನಿಂತುಹೋಯಿತು,
ಒಳಗೆ ಯಾರೋ ಕುಡಿದ ಹಾಗೆ.
ಆಸ್ಮಾ ಬರೆದುಕೊಂಡಳು: ಇನ್ನೂರ ಹನ್ನೆರಡು ಮೀಟರು.

ಎತ್ತಿದ ಕಲ್ಲನ್ನು ನನ್ನ ಕೈಗಿಟ್ಟರು.
ಲಟ್ಟಣಿಗೆಯಷ್ಟು ದಪ್ಪ, ಕಪ್ಪು, ಒದ್ದೆ.
ಆ ಬಿಸಿಲಲ್ಲಿ ತಣ್ಣಗಿದ್ದದ್ದು ಅದೊಂದೇ.
ನಡುವೆ ಬಿಳಿ ಎಳೆ, ಹೊಲಿಗೆ ಬಿಟ್ಟ ದಾರದಂತೆ.
ಹುಲಿಗೆಮ್ಮ ಶೀಸೆಯಿಂದ ಆಮ್ಲದ ಒಂದು ಹನಿ ಬಿಟ್ಟಳು.
“ಕಿವಿ ಹಚ್ಚರಿ, ಸರ್.”

ಸುಂಯ್ ಅಂತು.
ಗೋಲಿ ಸೋಡಾದ ಕೊನೆಯ ಗುಟುಕಿನ ಸದ್ದು.
“ಯಾರೂ ಇಲ್ಲದಾಗ ಒಳಗ ಹೋದ ಗಾಳಿ ಇದು.
ಈ ಕಲ್ಲಿಗೆ ಇಟ್ಕೊಳ್ಳಾದು ಮೊದಲೇ ಗೊತ್ತೈತಿ.
ಇನ್ನೂ ಎಷ್ಟು ಹಿಡಸ್ತದ, ಎಷ್ಟು ಲಗೂ ಹಿಡಸ್ತದ,
ಅಷ್ಟೇ ನಮ್ಮ ಕೇಳಾಣ.”

ಲಕ್ಷಾಂತರ ವರ್ಷ ಕೈ ಬಿಡದೆ ಇಟ್ಟದ್ದನ್ನು
ಐದು ಸೆಕೆಂಡಿನಲ್ಲಿ ಖರ್ಚು ಮಾಡಿದೆವು,
ಬಳಕೆ ಪ್ರಮಾಣಪತ್ರವಿಲ್ಲದೆ.

“ಸೋರಿದರ?” ಅಂದೆ.
ಸಿಕ್ಕಿಬಿದ್ದರು ಅಂದುಕೊಂಡೆ.
“ಅದನ್ನ ಕಲ್ಯಾಕ ರೊಕ್ಕ ಕೇಳಿದ್ದು, ಸರ್,”
ಅಂದಳು ಆಸ್ಮಾ, ತಲೆ ಎತ್ತದೆ.
ಹುಸೇನಪ್ಪ ಬೀಡಿ ಹಚ್ಚಲು ಹೋದವನು
ಯಾಕೋ ಕಿವಿಯ ಮೇಲೆ ಸಿಕ್ಕಿಸಿಕೊಂಡ.
“ಮೂವತ್ತೊಂದು ವರ್ಷ ತಗದೀನ್ರಿ.
ತಗಿ ಅಂದವರೇ ಎಲ್ಲಾರೂ.
ಇಡು ಅಂದದ್ದು ಈ ಹುಡಿಗ್ಯಾರೇ ಮೊದಲು.”

ಬಿಲ್ಲು ಪಾಸಾಯಿತು.
‘ಇತರೆ ವೆಚ್ಚ’ ಅಂತ ಬರೆದೆ,
ಬೇರೆ ಹೆಸರು ನಮ್ಮ ನಮೂನೆಯಲ್ಲಿ ಇರಲಿಲ್ಲ.
ಕಂತು ಇನ್ನೂ ಬಂದಿಲ್ಲ.
ದಿಲ್ಲಿಗೆ ಬರೆದ ನಾಲ್ಕನೇ ಪತ್ರದಲ್ಲಿ
‘ದಯವಿಟ್ಟು’ ಎಂಬ ಪದ ತೆಗೆದಿದ್ದೇನೆ.
ಈಗ ಹುಲಿಗೆಮ್ಮ ಬಂದರೆ ಕುರ್ಚಿ ಸರಿಸುತ್ತೇನೆ.
ಹೊಗೆ ಈ ಬೆಳಿಗ್ಗೆಯೂ ಊರ ಕಡೆಯೇ ವಾಲಿತ್ತು.

ಆಡಿಟ್‌ನವರು ಜೂನಿನಲ್ಲಿ ಬರುತ್ತಾರೆ,
ಕೇಳೇ ಕೇಳುತ್ತಾರೆ.
ಡ್ರಾಯರಿನಲ್ಲಿ ಒಂದು ತುಂಡು ಕಲ್ಲು,
ಒಂದು ಸಣ್ಣ ಶೀಸೆ ಇಟ್ಟಿದ್ದೇನೆ,
ಎರಡಕ್ಕೂ ರಸೀದಿ ಸಮೇತ.